ಕಳಿಸುವಾಗ ಗೇಣು, ಹುಡುಕುವಾಗ ಮೊಳ

ಅವರನ್ನು ಊಟಕ್ಕೆ ಕರೆಯುವುದೆಂದರೆ ಮನೆಯನ್ನು ತಪಾಸಣೆಗೆ ಒಪ್ಪಿಸಿದಂತೆ. ಬಾಗಿಲಲ್ಲಿ ಬೂಟು ಬಿಚ್ಚುವರು, ಹೆಂಡತಿ ಮಾಡಿಕೊಟ್ಟ ಸಿಹಿಯ ಡಬ್ಬಿಯನ್ನು ನನ್ನ ಕೈಗಿಡುವರು; ಆಮೇಲೆ, ಕುಶಲ ಕೇಳುವುದಕ್ಕೂ ಮೊದಲು, ಜೇಬಿನಿಂದ ಚಾರಣಿಗರ ಪುಟ್ಟ ದಿಕ್ಸೂಚಿಯೊಂದನ್ನು ತೆಗೆದು ನಮ್ಮ ಗೂಟಗಳಿಗೆ ನೇತುಹಾಕಿದ ಜಾಕೆಟುಗಳ ಮುಂದೆ ಒಂದೊಂದಾಗಿ ಹಿಡಿಯುತ್ತ ಸಾಗುವರು. ಮುಳ್ಳು ಅಲುಗಿದರೆ ಅಲ್ಲೇ ನಿಲ್ಲುವರು.

"ಇದು ಯಾರ್ದು?"

ನನ್ನ ಮಗಳದು. ಕಾಲರಿನ ಮಡಿಕೆಯಲ್ಲಿ ಗುಂಡಿಯ ಬದಲು ಎರಡು ಆಯಸ್ಕಾಂತಗಳನ್ನಿಟ್ಟು ಹೊಲಿದಿದ್ದರು.

"ಊರೊಳಗ ಹಾಕ್ಕೊಳ್ಳಿ. ಬೆಟ್ಟಕ್ಕ ಬ್ಯಾಡ."

"ಅವಳಿಗೆ ಏಳು ವರ್ಷ ಸರ್. ನಾವು ಬೆಟ್ಟಕ್ಕೆ ಹೋಗೋದೇ ಇಲ್ಲ."

"ಇವತ್ತ ಇಲ್ಲ," ಎನ್ನುವರು, ನಾನೇನೋ ವಾಯಿದೆ ಕೇಳಿದೆನೆಂಬಂತೆ. ಅಷ್ಟರಲ್ಲಿ ಸಾರು ಆರಿರುತ್ತಿತ್ತು.

ಕಳೆದ ನವೆಂಬರಿನಲ್ಲಿ ಅವರು ಇಲ್ಲಿ, ಸ್ವೀಡನ್ನಿನ ವೆಸ್ಟೆರಾಸಿನಲ್ಲಿಯೇ, ತೀರಿಕೊಂಡರು. ಹೆಸರು ಹಾಕುವುದು ಬೇಡವೆಂದು ಅವರ ಹೆಂಡತಿ ಕೇಳಿಕೊಂಡಿರುವುದರಿಂದ ಹಾಕುತ್ತಿಲ್ಲ. ಬಾಗಲಕೋಟೆಯ ಕಡೆಯವರು, ಇಲ್ಲಿನ ವಿದ್ಯುತ್ ಯಂತ್ರಗಳ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದವರು, ಮುಸಲ್ಮಾನರು, ಇಬ್ಬರು ಹೆಣ್ಣುಮಕ್ಕಳ ತಂದೆ ಎಂದರೆ ನಮ್ಮ ಕನ್ನಡ ಕೂಟದವರಿಗೆಲ್ಲ ಗೊತ್ತಾಗುತ್ತದೆ. ಉಳಿದವರಿಗೆ ಗೊತ್ತಾಗಬೇಕಾದದ್ದು ಬೇರೆಯೇ ಇದೆ.

ಕೆಲಸವೇನೆಂದು ಕೇಳಿದರೆ "ಯಾರೂ ಯಾರಿಗೂ ಅಡ್ಡ ಬರಬಾರ್ದು, ಇಷ್ಟ ನೋಡ್ರಿ ನನ್ನ ಕೆಲ್ಸ" ಎನ್ನುತ್ತಿದ್ದರು. ಸಮಾಜ ಸುಧಾರಕರೊಬ್ಬರ ಮಾತೆಂದು ನಾನು ಮೊದಲ ಸಲ ಹಿಗ್ಗಿದ್ದೆ. ಅವರು ಹೇಳಿದ್ದು ಯಂತ್ರಗಳ ವಿಷಯ. ಒಂದು ಯಂತ್ರ ಹೊಮ್ಮಿಸುವ ವಿದ್ಯುತ್ತಿನ, ಕಾಂತದ ಗದ್ದಲವು ಪಕ್ಕದ ಯಂತ್ರದ ಲೆಕ್ಕ ತಪ್ಪಿಸದಂತೆ ಪರೀಕ್ಷಿಸುವುದು ಅವರ ಪ್ರಯೋಗಾಲಯದ ಕಸುಬು. ಉತ್ತರದ ಪರ್ವತಗಳಲ್ಲಿ ಹಾದುಹೋಗುವ ವಿದ್ಯುತ್ ಮಾರ್ಗಗಳ ಕೆಲಸಕ್ಕೆ ಕಂಪನಿ ಅವರನ್ನು ಚಳಿಗಾಲಗಳಲ್ಲಿ ಕಳಿಸುತ್ತಿತ್ತು. ಅಲ್ಲಿ ಹಿಮಕುಸಿತದ ಭಯವಿರುವ ಇಳಿಜಾರುಗಳ ಬಳಿ ಹೋಗುವವರೆಲ್ಲ ಎದೆಗೊಂದು ಸಣ್ಣ ಯಂತ್ರ ಕಟ್ಟಿಕೊಳ್ಳಬೇಕು. ಅಂಗೈಗಿಂತ ತುಸು ದೊಡ್ಡದು. ಅದು ಸುಮ್ಮನೆ "ನಾನಿಲ್ಲಿದ್ದೇನೆ, ನಾನಿಲ್ಲಿದ್ದೇನೆ" ಎಂದು ರೇಡಿಯೊ ಮಿಡಿತ ಕಳಿಸುತ್ತಿರುತ್ತದೆ. ಯಾರಾದರೂ ಹಿಮದಡಿ ಹೂತುಹೋದರೆ, ಮೇಲಿರುವವರು ತಮ್ಮ ಯಂತ್ರಗಳನ್ನು ಹುಡುಕುವ ಸ್ಥಿತಿಗೆ ತಿರುಗಿಸಿ, ಆ ಮಿಡಿತದ ಜಾಡು ಹಿಡಿದು ಹೋಗಿ ಅಗೆಯುತ್ತಾರೆ. ಸಿಗುವ ಹೊತ್ತು ಬಹಳವೆಂದರೆ ಕಾಲು ಗಂಟೆ.

ಇಂಥ ಯಂತ್ರದ ಬಳಿ ಫೋನು, ರೇಡಿಯೊ, ಆಯಸ್ಕಾಂತ ಯಾವುದೂ ಇರಕೂಡದು. ತಾನು ಮಿಡಿತ ಕಳಿಸುತ್ತಿರುವಾಗ ಇಪ್ಪತ್ತು ಸೆಂಟಿಮೀಟರ್ ದೂರ, ಇನ್ನೊಬ್ಬರನ್ನು ಹುಡುಕುವಾಗ ಐವತ್ತು. ಇದನ್ನು ಅವರು ನಮಗೆಲ್ಲ ಕೈಯಿಂದ ಅಳೆದು ತೋರಿಸುತ್ತಿದ್ದರು. ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು. ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಅದರ ಮೇಲೆ ನಾಲ್ಕು ಬೆರಳು. "ಕಳಿಸುವಾಗ ಗೇಣು, ಹುಡುಕುವಾಗ ಮೊಳ. ನಾಕ್ ಬೆರಳು ಮರೀಬ್ಯಾಡ್ರಿ." ಗಣೇಶ ಹಬ್ಬದ ಸಭೆಯಲ್ಲಿ ಹೇಳಿದರು. ಈದ್ ಊಟದಲ್ಲಿ ಹೇಳಿದರು. ಕೊಮ್ಯೂನಿನ, ಅಂದರೆ ಇಲ್ಲಿಯ ನಗರಸಭೆಯ, ಕಚೇರಿಯಲ್ಲಿ ಸರತಿ ನಿಂತಾಗ ಹಿಂದಿದ್ದ ಅಪರಿಚಿತ ಮುದುಕಿಗೆ ಸ್ವೀಡಿಷ್‌ನಲ್ಲಿ ಹೇಳಿದರು, ಗೇಣು ಮೊಳ ತೋರಿಸುತ್ತಲೇ. ಆ ಮುದುಕಿ ತನ್ನ ಸರತಿ ಬಿಟ್ಟು ಇನ್ನೊಂದಕ್ಕೆ ಹೋದಳು.

"ನಮ್ಮ ಮನ್ಯಾಗ ನನ್ನ ವ್ಯಾನಿಟಿ ಬ್ಯಾಗಿಗೂ ಜಾಗಾ ಗೊತ್ತು ಮಾಡ್ಯಾರ್ರಿ," ಎಂದು ಅವರ ಹೆಂಡತಿ ಒಮ್ಮೆ ಎಲ್ಲರೆದುರು ದೂರಿದರು. "ಅದರ ಬಾಯಿಗೆ ಮ್ಯಾಗ್ನೆಟ್ ಐತಿ ಅಂತ ಅಟ್ಟದ ಮ್ಯಾಲ ಒಗದಾರ. ರೊಕ್ಕ ಬೇಕಾದ್ರ ಸ್ಟೂಲ್ ಹತ್ತಬೇಕು."

"ಅದು ಯಂತ್ರ ಇಡೂ ಕಪಾಟಿನ ಮಗ್ಗಲ ಇತ್ತು," ಎಂದರು ಅವರು, ನಗದೆ.

ದೊಡ್ಡ ಮಗಳು ತಲೆಯೆತ್ತದೆ "ಪಪ್ಪಾ, ಸ್ನೆಲ್ಲಾ, ಸ್ಲುತಾ" ಎಂದಳು. ದಯವಿಟ್ಟು ನಿಲ್ಲಿಸಿ ಎಂದರ್ಥ. ಆ ಮನೆಯಲ್ಲಿ ಬಹುಶಃ ಅತಿ ಹೆಚ್ಚು ಕೇಳಿಬರುತ್ತಿದ್ದ ಸ್ವೀಡಿಷ್ ವಾಕ್ಯ ಅದೇ.

ಅವರ ಮೇಲೆ ನನಗಿದ್ದ ಬೇಸರಕ್ಕೆ ಸಾರು ಆರುವುದಕ್ಕಿಂತ ಗಟ್ಟಿಯಾದ ಕಾರಣವಿತ್ತು. ಎರಡು ಸಾವಿರದ ದಶಕದ ನಡುವಿನ ಆ ವರ್ಷಗಳಲ್ಲಿ ಇಲ್ಲಿ ಹೋರಾಡಲು ವಿಷಯಗಳಿಗೆ ಬರವಿರಲಿಲ್ಲ. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ತಾಯ್ನುಡಿಯ ಪಾಠ ಸಿಗಬೇಕೆಂದು ನಾನು ಸಹಿ ಸಂಗ್ರಹಿಸುತ್ತಿದ್ದೆ. ಅರಬ್ಬೀ ಹೆಸರಿದ್ದರೆ ಬಾಡಿಗೆ ಮನೆಯ ಕರೆಗೆ ಉತ್ತರವೇ ಬಾರದೆಂಬುದನ್ನು ಬರೆಯುತ್ತಿದ್ದೆ. ಸ್ವತಃ ಅವರಿಗೇ ಹಾಗಾಗಿತ್ತು. ಕೂಟದ ಯುಗಾದಿ ಊಟದಲ್ಲಿ ಕೆಲವರು ತಮ್ಮ ಪಾತ್ರೆಗಳನ್ನು ಬೇರೆ ಮೇಜಿನಲ್ಲಿಟ್ಟುಕೊಂಡು "ಇದು ನಮ್ಮ ಕಡೆಯವರಿಗೆ" ಎನ್ನುತ್ತಿದ್ದುದನ್ನು ಸಭೆಯಲ್ಲಿ ಎತ್ತಿದ್ದೆ. ಸಮುದ್ರ ದಾಟಿ ಬಂದ ಮೇಲೂ ಪಂಕ್ತಿಭೇದವನ್ನು ಸೂಟ್‌ಕೇಸಿನಲ್ಲಿ ತಂದವರ ನಡುವೆ, ನನ್ನ ಪಕ್ಕದಲ್ಲಿ ನಿಲ್ಲಬೇಕಾದವರು ಅವರು ಎಂಬುದು ನನ್ನ ನಿರೀಕ್ಷೆಯಾಗಿತ್ತು. ಅವರು ನಿಲ್ಲಲಿಲ್ಲ. ತಾಯ್ನುಡಿಯ ಮನವಿಗೆ ಸಹಿ ಕೇಳಿದಾಗ ಓದಿ, ಎರಡು ಕಡೆ ಅಲ್ಪವಿರಾಮ ತಿದ್ದಿ, ಮೂರನೇ ವಾಕ್ಯಕ್ಕೆ ಪುರಾವೆ ಕೇಳಿದರು. ಬಾಡಿಗೆ ಮನೆಯ ವಿಷಯದಲ್ಲಿ ತಮ್ಮ ಅನುಭವ ಬರೆದುಕೊಡಿ ಎಂದಾಗ, "ಅವರು ಯಾಕ ಉತ್ತರ ಕೊಡ್ಲಿಲ್ಲೋ ನನಗ ಹೆಂಗ ಗೊತ್ತು ಅಕ್ಕಾರ? ಕೊಡ್ಲಿಲ್ಲ, ಅಷ್ಟ ಗೊತ್ತು" ಎಂದರು.

ಕೂಟದಲ್ಲಿ ಅವರು ಸಾಮಾನ್ಯವಾಗಿ ಬೆಂಗಳೂರಿನ ಕನ್ನಡವನ್ನು ಎಚ್ಚರದಿಂದ ಆಡುತ್ತಿದ್ದರು. ದಿಕ್ಸೂಚಿ ಕೈಗೆ ಬಂದರೆ ಬಾಗಲಕೋಟೆಯೂ ಬರುತ್ತಿತ್ತು. ಎಲ್ಲರೂ ಅವರನ್ನು "ಸಾಹೇಬ್ರೇ" ಎನ್ನುತ್ತಿದ್ದರು. ಉಳಿದವರು ಸರ್, ಮೇಡಂ ಆಗಿರುವಾಗ ಇವರೊಬ್ಬರು ಯಾಕೆ ಸಾಹೇಬರು ಎಂದು ನಾನು ಆಕ್ಷೇಪಿಸಿದ್ದೆ. ಅದಕ್ಕೂ ಅವರ ಬೆಂಬಲ ಸಿಗಲಿಲ್ಲ. "ಏನರೆ ಅನ್ಲಿ ಬಿಡ್ರಿ, ಕರದಾಗ ಫೋನ್ ದೂರ ಇಟ್ಟ ಕರೀಲಿ."

ಈಗ ಬ್ಯಾಡ್ಜಿನ ವಿಷಯ.

ಕೂಟದ ಕಾರ್ಯದರ್ಶಿಯಾಗಿ ನಾನು ತಂದ ಮೊದಲ ಬದಲಾವಣೆ ಅದು. ಪ್ರತಿ ಕಾರ್ಯಕ್ರಮದಲ್ಲಿ ಎಲ್ಲರೂ ಎದೆಯ ಮೇಲೆ ಕನ್ನಡದಲ್ಲಿ ಬರೆದ ಹೆಸರಿನ ಬ್ಯಾಡ್ಜ್ ಧರಿಸಬೇಕು, ಅದರಲ್ಲಿ ಹೆಸರು ಮಾತ್ರ. ಮನೆತನದ ಹೆಸರಿಲ್ಲ, ಜಾತಿ ಸೂಚಿಸುವ ಬಾಲಗಳಿಲ್ಲ. ನಮ್ಮ ಅಧ್ಯಕ್ಷರು, ಬೆಂಗಳೂರಿನ ಸಾಫ್ಟ್‌ವೇರ್ ಮ್ಯಾನೇಜರ್, ಒಂದು ಇಡೀ ಸಭೆ ಇದರ ಮೇಲೆ ಕಳೆದರು.

"ಬರೀ ಹೆಸರಿದ್ರೆ ಯಾವ ಕಡೆಯವರು ಅಂತ ಗೊತ್ತಾಗೋದು ಹೇಗೆ ಮೇಡಂ?"

"ಗೊತ್ತಾಗಬಾರದು ಅಂತಾನೇ ಸರ್."

ಮೂಲೆಯಿಂದ ಇವರು, "ನನ್ನ ಹೆಸರಿನ ಮೊದಲ ಅಕ್ಷರಕ್ಕನ ಗೊತ್ತಾಗ್ತದಲ್ರೀ" ಎಂದರು. ಎಲ್ಲರೂ ನಕ್ಕರು. ನನ್ನ ಸುಧಾರಣೆಯ ಮಿತಿಯನ್ನು ಅಷ್ಟು ಚಿಕ್ಕ ವಾಕ್ಯದಲ್ಲಿ ಯಾರೂ ಹೇಳಿರಲಿಲ್ಲ. ಆದರೆ ಅದನ್ನು ಹೇಳಲು ಅವರು ಆ ಗಳಿಗೆಯನ್ನೇ ಆರಿಸಬೇಕಿತ್ತೆ? ಅಂತೂ ಬಹುಮತದಿಂದ ಗೆದ್ದೆ. ಪಿನ್ನು ಚುಚ್ಚಿದರೆ ದುಬಾರಿ ಜಾಕೆಟುಗಳು ತೂತಾಗುತ್ತವೆಂದು ಹೆಂಗಸರು ಹೇಳಿದ್ದರಿಂದ, ಬಟ್ಟೆಯ ಒಳಗೊಂದು ಹೊರಗೊಂದು ತುಂಡು ಬಂದು ಕಚ್ಚಿಕೊಳ್ಳುವಂಥ ಆಯಸ್ಕಾಂತದ ಬ್ಯಾಡ್ಜುಗಳನ್ನು ಮಾಡಿಸಿದೆ. ಹುಣಸೆಬೀಜದಷ್ಟು ಗಾತ್ರದ ಎರಡೆರಡು ಆಯಸ್ಕಾಂತಗಳು. ಚಿಕ್ಕವಾದರೂ ಬಲು ಬಿಗಿ.

ಫೆಬ್ರವರಿಯ ಶಾಲಾ ರಜೆಯಲ್ಲಿ ಕೂಟ ಉತ್ತರದ ಪರ್ವತಗಳಿಗೆ ಪ್ರವಾಸ ಹೊರಟಿತು. ಮಕ್ಕಳನ್ನು ವಸತಿಗೃಹದಲ್ಲಿ ಕೆಲವರ ವಶಕ್ಕೆ ಕೊಟ್ಟು, ನಾವು ಹನ್ನೊಂದು ಮಂದಿ ಹಿಮದ ಮೇಲೆ ನಡೆಯುವ ಅಗಲ ಪಾದರಕ್ಷೆ ಕಟ್ಟಿಕೊಂಡು, ಅಲ್ಲಿಯ ಮಾರ್ಗದರ್ಶಿಯೊಂದಿಗೆ ಕಣಿವೆಯೊಂದಕ್ಕೆ ಹೋಗುವುದೆಂದು ಗೊತ್ತಾಗಿತ್ತು. ಆ ದಾರಿ ಕಡಿದಾದ ಇಳಿಜಾರಿನ ಬುಡದಲ್ಲಿ ಹಾಯುತ್ತದೆ. ಹಾಗಾಗಿ ವಸತಿಗೃಹದವರೇ ಬಾಡಿಗೆಗೆ ಕೊಡುವ ಯಂತ್ರಗಳನ್ನು ಎಲ್ಲರೂ ಜಾಕೆಟಿನೊಳಗೆ ಎದೆಗೆ ಕಟ್ಟಿಕೊಂಡೆವು. ಅದರ ಮೇಲೆ ಜಾಕೆಟ್. ಜಾಕೆಟಿನ ಮೇಲೆ ನನ್ನ ಬ್ಯಾಡ್ಜ್.

ಅವರು ಅಂಗಳದ ನಡುವೆ ಬಂದು ನಿಂತರು.

"ಬ್ಯಾಡ್ಜ್ ತೆಗೀರಿ ಎಲ್ಲಾರೂ."

"ಯಾಕೆ ಸರ್?" ಎಂದೆ, ಯಾಕೆಂದು ಗೊತ್ತಿದ್ದೂ.

"ಇವು ಹಳೇ ಮಾಡೆಲ್ ಅದಾವ್ರಿ. ನೀರು ಹೋಗಬಾರ್ದು ಅಂತ ಸ್ವಿಚ್ಚಿಗೆ ತೂತ ಇಟ್ಟಿಲ್ಲ. ಹೊರಗಿನ ಗುಂಡಿಯೊಳಗ ಆಯಸ್ಕಾಂತ, ಪೆಟಗಿ ಒಳಗ ಅದನ್ನ ನೋಡಿ ಆನ್ ಆಗೂ ಸ್ವಿಚ್ಚು. ನಿಮ್ಮ ಬ್ಯಾಡ್ಜ್ ಅದರ ಮ್ಯಾಲ ಬಂತಂದ್ರ ಗುಂಡಿ ಯಾವ್ದು ಬ್ಯಾಡ್ಜ್ ಯಾವ್ದು ಅಂತ ಪಾಪ ಅದಕ್ಕ ಹೆಂಗ ಗೊತ್ತಾಗಬೇಕು? ಆಫ್ ಆಗ್ತೈತಿ."

ಅಧ್ಯಕ್ಷರ ಮುಖ ಅರಳಿತು. "ಸಾಹೇಬ್ರು ಹೇಳಿದ್ಮೇಲೆ ಮುಗೀತು," ಎಂದು ಎಲ್ಲರಿಗಿಂತ ಮೊದಲು ತಮ್ಮ ಬ್ಯಾಡ್ಜ್ ಕಿತ್ತು ಬೆನ್ನಚೀಲಕ್ಕೆ ಹಾಕಿದರು. ಅವರ ಗೆಳೆಯರೂ ಕಿತ್ತರು. ವರ್ಷವಿಡೀ ಬ್ಯಾಡ್ಜ್ ಧರಿಸಲು ಗೊಣಗಿದವರಿಗೆ ವಿಜ್ಞಾನದ ಮೇಲೆ ಒಮ್ಮೆಲೇ ಭಕ್ತಿ ಉಕ್ಕಿತ್ತು. ಅದನ್ನು ನೋಡಿ ನನ್ನ ಮೈ ಉರಿಯಿತು. ಆ ಉರಿಯಲ್ಲಿ ನಾನು ಅಧ್ಯಕ್ಷರಿಗೆ ಹೇಳಬೇಕಾದದ್ದನ್ನು ಇವರಿಗೆ ಹೇಳಿದೆ. "ನಿಮ್ಮ ಹೆಸರನ್ನ ಎದೆಯ ಮೇಲೆ ಹಾಕ್ಕೊಳ್ಳೋಕೆ ನಿಮಗೇ ಇಷ್ಟು ಹಿಂಜರಿಕೆ ಇದ್ರೆ, ನಾವು ಯಾರಿಗೋಸ್ಕರ ಹೋರಾಡಬೇಕು ಸರ್?"

ಅನ್ಯಾಯವಾದ ಮಾತು ಅದು. ಹೆಸರಿನ ಕಾರಣಕ್ಕೆ ಮನೆ ಸಿಗದ ಮನುಷ್ಯನನ್ನು, ಮನೆ ಸಿಕ್ಕವಳೊಬ್ಬಳು ಹೆಸರಿನ ಹೇಡಿತನಕ್ಕಾಗಿ ಸಾರ್ವಜನಿಕವಾಗಿ ಹಳಿದದ್ದು. ಇಷ್ಟು ವರ್ಷ ಇತರರ ತಪ್ಪುಗಳನ್ನು ಪಟ್ಟಿಮಾಡಿದ ನಾನು ಇದನ್ನು ಆ ಪಟ್ಟಿಯಿಂದ ಬಿಡುವಂತಿಲ್ಲ.

"ಹೆಸರಿಂದಲ್ರೀ," ಎಂದರು ಅವರು, ಮೆಲ್ಲಗೆ. "ಆಯಸ್ಕಾಂತದ್ದು."

ಮಾರ್ಗದರ್ಶಿ ಹುಡುಗಿ ಏನೆಂದು ವಿಚಾರಿಸಿದಳು. ಅವರು ವಿವರಿಸಿದರು. ಫೋನುಗಳನ್ನು ಆರಿಸಬೇಕೆಂಬುದು ಮಾತ್ರ ತನಗೆ ಗೊತ್ತೆಂದೂ, ಬ್ಯಾಡ್ಜಿನಷ್ಟು ಚಿಕ್ಕ ವಸ್ತುವಿನಿಂದ ಏನೂ ಆಗಲಾರದೆಂದೂ ಅವಳು ಹೇಳಿ ಗೇಟಿನ ಬಳಿ ನಿಂತಳು. ಒಬ್ಬೊಬ್ಬರಾಗಿ ಅವಳೆದುರು ಹಾದೆವು. ಪ್ರತಿಯೊಬ್ಬರ ಯಂತ್ರಕ್ಕೂ ಅವಳ ಯಂತ್ರ ಕೂಗಿ ಉತ್ತರಿಸಿತು. ನಾನು ಹಾಯುವಾಗ ಬ್ಯಾಡ್ಜ್ ನನ್ನ ಕೈಯಲ್ಲಿತ್ತು. ಮೊದಲ ತಿರುವು ದಾಟಿದ ಮೇಲೆ ಅದನ್ನು ಮತ್ತೆ ಜಾಕೆಟಿಗೆ ಕಚ್ಚಿಸಿಕೊಂಡೆ. ಅಧ್ಯಕ್ಷರು ನೋಡಲಿ ಎಂದೇ.

ಮಧ್ಯಾಹ್ನ ಬಂಡೆಯೊಂದರ ಮರೆಯಲ್ಲಿ ಕೂತು ತಣ್ಣಗಾದ ಚಪಾತಿ ಸುರುಳಿಗಳನ್ನು ಬಿಚ್ಚಿದೆವು. ಅವರು ತಿನ್ನಲಿಲ್ಲ. ಮಾರ್ಗದರ್ಶಿಯನ್ನು ಒಪ್ಪಿಸಿ, ಇನ್ನೊಮ್ಮೆ ಎಲ್ಲರನ್ನೂ ತಮ್ಮೆದುರು ಹಾಯಿಸಬೇಕೆಂದು ಹಟ ಹಿಡಿದರು.

"ಸಾಹೇಬ್ರೇ, ಊಟ ಮುಗೀಲಿ ಬಿಡ್ರಪ್ಪ," ಎಂದರು ಅಧ್ಯಕ್ಷರು ಬಾಯಿ ತುಂಬಿಕೊಂಡೇ. "ಇಮಿಗ್ರೇಷನ್‌ನವರು ಕೂಡ ಇಷ್ಟು ಸಲ ಚೆಕ್ ಮಾಡಲ್ಲ."

ಚಪಾತಿ ಕೈಯಲ್ಲಿ ಹಿಡಿದೇ ಸಾಲಾಗಿ ಹೋದೆವು. ನನ್ನ ಸರದಿ ಬಂದಾಗ ಅವರ ಕೈಯ ಯಂತ್ರ ಕೂಗಲಿಲ್ಲ. ಹಿಂದೆ ಹೋಗಿ ಮತ್ತೆ ಬನ್ನಿ ಎಂದರು. ಬಂದೆ. ಕೂಗಲಿಲ್ಲ.

"ಅಕ್ಕಾರ, ನೀವು ಇಲ್ಲ."

"ಇಲ್ಲ ಅಂದ್ರೆ?"

"ಇದರ ಪಾಲಿಗೆ ನೀವು ಇಲ್ಲಿಲ್ರಿ."

ಜಾಕೆಟ್ ಬಿಚ್ಚಿದೆ. ಯಂತ್ರದ ಮೇಲೆ ಮಿನುಗಬೇಕಾದ ಪುಟ್ಟ ದೀಪ ಸತ್ತಿತ್ತು. ಅದಕ್ಕೆ ನೇರ ಮೇಲೆ, ಒಂದು ಬೆರಳಿನ ಅಂತರದಲ್ಲಿ, ನನ್ನ ಹೆಸರು. ಮಾರ್ಗದರ್ಶಿ ಹುಡುಗಿ ನಾವು ಬಂದ ದಾರಿಯತ್ತ ತಿರುಗಿ, ಆ ಇಳಿಜಾರಿನ ಮೇಲೆ ಗಾಳಿ ತಂದು ಪೇರಿಸಿದ್ದ ಹಿಮವನ್ನು ಒಂದು ಕ್ಷಣ ನೋಡಿದಳು. ಅದರ ಬುಡದಲ್ಲಿ ನಾನು ಎಲ್ಲರಂತೆ ನಡೆದು ಬಂದಿದ್ದೆ. ಅದು ಜಾರಿದ್ದರೆ ನನ್ನನ್ನು ಹುಡುಕಲು, ಮಾರ್ಗದರ್ಶಿಯದೂ ಸೇರಿ, ಹನ್ನೊಂದು ಯಂತ್ರಗಳಿದ್ದವು. ಅವುಗಳಲ್ಲಿ ಒಂದಕ್ಕೂ ನಾನು ಕೇಳಿಸುತ್ತಿರಲಿಲ್ಲ.

ಜಾರಲಿಲ್ಲ. ಆ ದಿನ ಏನೂ ಆಗಲಿಲ್ಲ. ಸಂಜೆ ವಸತಿಗೃಹದಲ್ಲಿ ಬಿಸಿ ಚಾಕೊಲೇಟು ಕುಡಿಯುತ್ತ ಎಲ್ಲರೂ ಅದನ್ನೊಂದು ತಮಾಷೆಯಾಗಿ ಹೇಳಿಕೊಂಡರು. ಏನೂ ಆಗದಿದ್ದರೆ ಯಾವ ತಪ್ಪೂ ತಪ್ಪಲ್ಲವೆಂದು ಜನ ತಿಳಿಯುವುದನ್ನು ನಾನು ಬೇಕಾದಷ್ಟು ಕಡೆ ಖಂಡಿಸಿದ್ದೇನೆ. ಅಂದು ಖಂಡಿಸಲಿಲ್ಲ, ಚಾಕೊಲೇಟು ಕುಡಿದೆ.

ಮರುವಾರ ಅವರು ಒಂದು ಹಾಳೆ ತಂದರು. ಅಂಥ ಯಂತ್ರಗಳನ್ನು ಬಾಡಿಗೆಗೆ ಕೊಡುವ ಜಾಗದಲ್ಲಿ ಆಯಸ್ಕಾಂತದ ಎಚ್ಚರಿಕೆ ಬರೆದು ಹಾಕಬೇಕೆಂದೂ, ಹಳೆಯ ಮಾದರಿಯನ್ನು ಕ್ರಮೇಣ ಬದಲಿಸಬೇಕೆಂದೂ ವಸತಿಗೃಹದವರಿಗೆ ಬರೆಯುತ್ತಿದ್ದರು. ಪ್ರಯೋಗಾಲಯದಲ್ಲಿ ಅಳೆದ ಅಂಕಿಗಳೆಲ್ಲ ಇದ್ದವು. ಬೇಕಾಗಿದ್ದುದು ಒಬ್ಬ ಸಾಕ್ಷಿ: ಹೌದು, ನನ್ನ ಯಂತ್ರ ಬ್ಯಾಡ್ಜಿನಡಿ ಮೌನವಾಗಿತ್ತು ಎಂಬ ಮಾತು, ಅದರ ಕೆಳಗೆ ನನ್ನ ಸಹಿ.

ನಾನು ಸಹಿ ಹಾಕಲಿಲ್ಲ. ಮಾರ್ಚಿನ ವಾರ್ಷಿಕ ಸಭೆ ಮುಗಿಯಲಿ ಎಂದೆ. ಆಮೇಲೆ ಬೇಸಿಗೆ ರಜೆ ಎಂದೆ. ನವೆಂಬರಿನ ರಾಜ್ಯೋತ್ಸವ ಕಳೆಯಲಿ ಎಂದೆ. ನಿಜ ಏನೆಂದರೆ, ಆ ಕಾಗದ ಅಧ್ಯಕ್ಷರ ಕೈಗೆ ಸಿಕ್ಕರೆ ಬ್ಯಾಡ್ಜ್ ಸತ್ತಿತೆಂದು ನನಗೆ ಗೊತ್ತಿತ್ತು. ದೊಡ್ಡ ನ್ಯಾಯಕ್ಕಾಗಿ ಸಣ್ಣ ಸತ್ಯವನ್ನು ತಡೆಹಿಡಿಯುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಯಾರಾದರೂ ಈ ಮಾತು ಹೇಳಿದ್ದರೆ ಸಭೆಯಲ್ಲಿ ನಿಲ್ಲಿಸಿ ಕೇಳುತ್ತಿದ್ದೆ. ಅವರು ಒತ್ತಾಯಿಸಲಿಲ್ಲ. ಪ್ರತಿ ಸಲ ಭೇಟಿಯಾದಾಗ "ಹಾಳೆ ನಿಮ್ಮ ಹತ್ರ ಐತಿ, ಅಲ್ರೀ?" ಎನ್ನುತ್ತಿದ್ದರು. ಇದಕ್ಕಿಂತ ಬೈದಿದ್ದರೆ ಸುಲಭವಿತ್ತು.

ಡಿಸೆಂಬರಿನಲ್ಲಿ ಅವರು, ನನ್ನ ಸಹಿಯಿಲ್ಲದೆ ತಾವೊಬ್ಬರೇ ಬರೆದಿದ್ದ ಪತ್ರಕ್ಕೆ ವಸತಿಗೃಹದಿಂದ ಬಂದ ಉತ್ತರ ತೋರಿಸಿದರು. ನನ್ನನ್ನು ನೋಯಿಸಲೆಂದಲ್ಲ, ಮರು ಉತ್ತರಕ್ಕೆ ಸ್ವೀಡಿಷ್ ಸರಿಯಿದೆಯೇ ನೋಡಿ ಎಂದು. ನಾಲ್ಕು ಸಾಲಿನ ಪತ್ರ. ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ. ನಮ್ಮ ಸಲಕರಣೆಗಳನ್ನು ದಿನವೂ ಪರೀಕ್ಷಿಸುತ್ತೇವೆ. ಈವರೆಗೆ ಯಾವ ಗ್ರಾಹಕರೂ ಇಂಥ ದೂರು ಕೊಟ್ಟಿಲ್ಲ. ಒಬ್ಬ ಎಂಜಿನಿಯರನ ಅಳತೆಗಳನ್ನು ಅವರು ಅಭಿಪ್ರಾಯವೆಂದು ಕರೆದದ್ದರಲ್ಲಿ ಸಹಿಯ ಕೆಳಗಿದ್ದ ಹೆಸರಿನ ಪಾಲೂ ಇತ್ತೆಂದು ನಾನು ಇಂದಿಗೂ ನಂಬುತ್ತೇನೆ. ಆದರೆ ಮೂರನೆಯ ವಾಕ್ಯ ಸುಳ್ಳಾಗಿರಲಿಲ್ಲ. ದೂರು ಕೊಡದ ಆ ಗ್ರಾಹಕಿ ನಾನೇ.

ಅಂದೇ ಅವರ ಅಡುಗೆಮನೆಯಲ್ಲಿ ಕೂತು ಒಂದೂವರೆ ಪುಟ ಬರೆದೆ. ಅವರು ಕನ್ನಡಕ ಹಾಕಿಕೊಂಡು ಓದಿದರು.

"'ನಾಲ್ಕು ತಾಸು ನನ್ನ ಯಂತ್ರ ಸತ್ತಿತ್ತು' ಅಂತ ಬರದೀರಿ. ನಿಮಗ ಹೆಂಗ ಗೊತ್ತು?"

"ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಷ್ಟೇ ಅಲ್ವಾ?"

"ಗೇಟಿನ್ಯಾಗ ಕೂಗ್ತು. ಬಂಡೆ ಹತ್ರ ಕೂಗ್ಲಿಲ್ಲ. ನಡುವ ಏನಾತು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದು ಬರೀಬ್ಯಾಡ್ರಿ." ಗೆರೆ ಎಳೆದರು. "'ಅಕ್ಷಮ್ಯ ನಿರ್ಲಕ್ಷ್ಯ.' ಇದು ಅಳತ್ಯಾಗ ಬರ್ತದೇನ್ರಿ?" ಇನ್ನೊಂದು ಗೆರೆ. "'ಲಾಭಕೋರ ವ್ಯವಸ್ಥೆ.' ಆ ಹುಡಿಗಿ ನಮಗ ಬನ್ ಸೈತ ಕೊಟ್ಟಿದ್ಳು."

ಮೂರು ಸಲ ತಿರುಗಿ ಬರೆಸಿದರು. ಅವರ ಹೆಂಡತಿ ಚಹಾದ ಲೋಟ ಇಡುತ್ತ ನನ್ನತ್ತ ಬಾಗಿ, "ಇಪ್ಪತ್ತು ವರ್ಷ ಆತ್ರಿ ನನಗ," ಎಂದರು. ಕೊನೆಗೆ ಉಳಿದದ್ದು ಆರು ವಾಕ್ಯ. ಅವಮಾನವಾಗುವಷ್ಟು ಸಪ್ಪೆ. ಸಹಿ ಹಾಕಿದೆ, ಎರಡನೆಯ ಸಹಿದಾರಳೆಂದು ನನ್ನ ವಿಳಾಸವನ್ನೂ ಬರೆಸಿಕೊಂಡರು.

ನಾನೆಣಿಸಿದಂತೆಯೇ ಪತ್ರದ ಸುದ್ದಿ ಕೂಟಕ್ಕೆ ಮುಟ್ಟಿತು. ಮುಂದಿನ ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಎದ್ದು, "ಬ್ಯಾಡ್ಜ್ ಡೇಂಜರ್ ಅಂತ ನಮ್ಮ ಮೇಡಂ ಅವರೇ ಲಿಖಿತವಾಗಿ ಕೊಟ್ಟಿದ್ದಾರೆ, ನಾನೇನೂ ಹೇಳ್ತಾ ಇಲ್ಲ" ಎಂದರು. ನಗು. ನಾನು ಏಳುವ ಮೊದಲೇ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಪಿನ್ನು ಹಚ್ಚಿದ್ರ ಆತ್ರಿ. ಹೆಸರು ಹಾಂಗ ಇರ್ಲಿ," ಎಂದು ಅವರು ಕೋಟಿನ ಜೇಬಿನಿಂದ ಪಿನ್ನುಗಳ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ಹಿತ್ತಾಳೀವು. ಚೆಕ್ ಮಾಡೇನಿ."

"ಜಾಕೆಟ್ ತೂತಾಗತ್ತಲ್ಲ ಸಾಹೇಬ್ರೇ?"

"ತೂತಾಗ್ಲಿ ಬಿಡ್ರಿ."

ಹೊರಗೆ ಬಂದ ಮೇಲೆ ಕೇಳಿದೆ: ಇಷ್ಟು ವರ್ಷ ಒಂದು ಸಲವಾದರೂ ಹೀಗೆ ಎದ್ದು ನಿಲ್ಲಬಾರದಿತ್ತೆ? ಅವರು ನಿಜಕ್ಕೂ ಅಚ್ಚರಿಪಟ್ಟರು. "ಆಯಸ್ಕಾಂತ ಇತ್ತಲ್ರೀ ಅಕ್ಕಾರ!" ಇಂಥವರ ಜೊತೆ ಯಾವ ಚಳವಳಿ ಕಟ್ಟಲು ಸಾಧ್ಯ? ಪಿನ್ನಿನ ಬ್ಯಾಡ್ಜ್ ಆ ವರ್ಷ ಉಳಿಯಿತು. ಅದರ ಮರುವರ್ಷ ಹೊಸ ಸಮಿತಿ ಬಂದು ಮನೆತನದ ಹೆಸರುಗಳನ್ನು ಮತ್ತೆ ಸೇರಿಸಿತು. ಅದಕ್ಕೂ ಆಯಸ್ಕಾಂತಕ್ಕೂ ಸಂಬಂಧವಿರಲಿಲ್ಲ.

ವಸತಿಗೃಹದವರು ನಮ್ಮ ಪತ್ರಕ್ಕೆ ಉತ್ತರಿಸಲಿಲ್ಲ. ಬಾಡಿಗೆ ಕೌಂಟರಿನ ಮೇಲೆ ಒಂದು ಹಾಳೆ ಅಂಟಿಸಿದರು. ಇವರು ರಜೆ ಹಾಕಿ, ರೈಲು ಹಿಡಿದು, ಅದನ್ನು ನೋಡಲೆಂದೇ ಹೋಗಿ ಬಂದರು. ಆಯಸ್ಕಾಂತದ ಎಚ್ಚರಿಕೆಯೇನೋ ಇತ್ತಂತೆ, ಆದರೆ ಹುಡುಕುವಾಗಲೂ ಇಪ್ಪತ್ತು ಸೆಂಟಿಮೀಟರ್ ಸಾಕೆಂದು ಅಚ್ಚಾಗಿತ್ತಂತೆ. ಸಂತೋಷಪಡಬೇಕಾದ ದಿನ ಅವರು ನನಗೆ ಫೋನ್ ಮಾಡಿ ಅರ್ಧ ಗಂಟೆ ಸಿಡಿಮಿಡಿಗೊಂಡರು. "ಗೇಣು ಬರದಾರ, ಮೊಳ ಬಿಟ್ಟಾರ!" ಮತ್ತೆ ಪತ್ರ. ಕೆಳಗೆ ಮತ್ತೆ ನನ್ನ ಸಹಿ.

ಆ ಶರತ್ಕಾಲದಲ್ಲಿ ಅವರಿಗೆ ತಲೆನೋವು ಹಿಡಿಯಿತು. ಆಸ್ಪತ್ರೆಯಲ್ಲಿ ಎಂ.ಆರ್.ಐ. ಎಂಬ ಕಾಂತೀಯ ಸ್ಕ್ಯಾನಿನೊಳಗೆ ಮಲಗಿಸಿ ನೋಡಿದರು. ಬಂದ ಉತ್ತರ ಒಳ್ಳೆಯದಾಗಿರಲಿಲ್ಲ. ನೋಡಲು ಹೋದಾಗ ಅದರ ಬಗ್ಗೆ ಒಂದು ಮಾತೂ ಆಡದೆ, ಅಷ್ಟು ದೊಡ್ಡ ಆಯಸ್ಕಾಂತ ಹೊರಗೆ ಸೋರದಂತೆ ಆ ಕೋಣೆಯ ಗೋಡೆ ಕಟ್ಟಿದ ರೀತಿಯನ್ನು ಹೊಗಳಿದರು. "ಬಾಗಿಲ ಹೊರಗ ದಿಕ್ಸೂಚಿ ಹಿಡದ ನೋಡಿದ್ನಿ. ಭಾಳ ಛಲೋ ಮಾಡ್ಯಾರ." ಅವರು ಇನ್ನೊಬ್ಬರ ಕೆಲಸವನ್ನು ಪೂರ್ತಿ ಮೆಚ್ಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮಣ್ಣಾದ ಎರಡು ವಾರಕ್ಕೆ ನನ್ನ ಮನೆಗೆ ಒಂದು ಲಕೋಟೆ ಬಂತು. ವಸತಿಗೃಹದಿಂದ. ಹುಡುಕುವಾಗಿನ ದೂರವನ್ನು ಐವತ್ತು ಸೆಂಟಿಮೀಟರಿಗೆ ತಿದ್ದಲಾಗಿದೆ, ಹೊಸ ಹಾಳೆ ಲಗತ್ತಿಸಿದೆ, ಇದರೊಂದಿಗೆ ವಿಷಯ ಮುಗಿಯಿತೆಂದು ಭಾವಿಸುತ್ತೇವೆ. ಹಾಳೆಯನ್ನು ಓದಿದೆ. ಫೋನುಗಳು. ರೇಡಿಯೊಗಳು. ಹಾಡು ಕೇಳುವ ಯಂತ್ರಗಳು. ಇನ್ನೊಮ್ಮೆ ಓದಿದೆ. ಈ ಸಲ ಆಯಸ್ಕಾಂತ ಎಂಬ ಪದ ಎಲ್ಲಿಯೂ ಇರಲಿಲ್ಲ.

ನನಗೆ ಬಂದ ಮೊದಲ ಭಾವನೆ ದುಃಖವಲ್ಲ, ಅವರ ಮೇಲಿನ ಸಿಟ್ಟು. ಇದನ್ನು ನನ್ನ ತಲೆಗೆ ಕಟ್ಟಿ ಹೋದರಲ್ಲ ಎಂದು. ಮುಂದಿನ ವಾರ ಮಕ್ಕಳ ತಾಯ್ನುಡಿ ಪಾಠದ ಬಗ್ಗೆ ಕೊಮ್ಯೂನಿನ ಸಭೆಯಿತ್ತು, ಅದಕ್ಕೆ ಭಾಷಣ ಬರೆಯಬೇಕಿತ್ತು. ಹಾಳೆಯನ್ನು ಮೇಜಿನ ಮೇಲಿಟ್ಟು ಎರಡು ದಿನ ಅದರ ಸುತ್ತ ತಿರುಗಿದೆ. ಮೂರನೆಯ ದಿನ ಬೆಳಿಗ್ಗೆ, ಆ ಋತುವಿನ ಮೊದಲ ಪ್ರವಾಸಿಗರು ಬರುವ ಮೊದಲೇ ಆಗಲೆಂದು, ಲಕೋಟೆಯ ಮೇಲಿದ್ದ ನಂಬರಿಗೆ ಫೋನ್ ಮಾಡಿದೆ.

ಎತ್ತಿಕೊಂಡವಳು ಚಿಕ್ಕ ವಯಸ್ಸಿನವಳಿರಬೇಕು. ಪತ್ರದ ವಿಷಯ ಹೇಳುತ್ತಿದ್ದಂತೆ ಅವಳಿಗೆ ಗುರುತಾಯಿತು.

"ಓ, ಆ ಎಂಜಿನಿಯರ್! ಅವರೆಲ್ಲಿ?"

"ತೀರಿಕೊಂಡರು."

"ಅಯ್ಯೋ," ಎಂದಳು. "ನೀವೂ ಎಂಜಿನಿಯರಾ?"

"ಅಲ್ಲ."

"ಮತ್ತೆ?"

ನನ್ನಲ್ಲಿ ಭಾಷಣಗಳಿಗೆ ಕೊರತೆಯಿಲ್ಲ. ಪ್ರವಾಸೋದ್ಯಮದ ಹೊಣೆಗಾರಿಕೆ, ವಿದೇಶೀ ಹೆಸರಿನ ಪತ್ರಗಳಿಗೆ ಸಿಗುವ ಉತ್ತರ, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಅವಳು ಕಾಯುತ್ತಿದ್ದಳು.

"ನಾನು ನಿಮ್ಮ ಗ್ರಾಹಕಿ," ಎಂದೆ. "ನಿಮ್ಮ ಯಂತ್ರ ಕಟ್ಟಿಕೊಂಡು ಆ ಇಳಿಜಾರಿನ ಕೆಳಗೆ ಹೋಗಿದ್ದೆ. ಗೇಟಿನಲ್ಲಿ ಅದು ಕೂಗಿತು. ಬಂಡೆಯ ಹತ್ತಿರ ಕೂಗಲಿಲ್ಲ. ಅದರ ಮೇಲೆ, ಜಾಕೆಟಿಗೆ, ನಾನು ಒಂದು ಆಯಸ್ಕಾಂತ ಹಾಕಿಕೊಂಡಿದ್ದೆ."

ಆಚೆ ಕಾಗದ ಸರಿದ ಸದ್ದು.

"ಎಷ್ಟು ದೊಡ್ಡದು?"

"ಬೆರಳಿನ ಉಗುರಿನಷ್ಟೂ ಇಲ್ಲ."

"ಒಂದು ನಿಮಿಷ ಇರಿ," ಎಂದಳು ಅವಳು, "ಪೆನ್ನು ತರುತ್ತೇನೆ."